ಥರ್ಮೋಸ್ಟಾಟ್‌ಗೆ ಬೈಯುವ ಮೊದಲು ಬೋಟಿನ ಹಿಂದೆ ಬಗ್ಗಿ ನೋಡಿ

ಬೋಟಿನ ಡೀಸೆಲ್ ಇಂಜಿನ್ ಬಿಸಿಯಾಯ್ತು ಅಂದ್ರೆ ಎಲ್ಲರ ಕಣ್ಣು ಮೊದಲು ಥರ್ಮೋಸ್ಟಾಟ್ ಮೇಲೆ, ಅಂದರೆ ಬಿಸಿ ಏರಿದಾಗ ಬಾಯಿ ತೆರೆದು ಇಂಜಿನ್ ತಂಪು ಮಾಡುವ ದ್ರವವನ್ನು (ಕೂಲಂಟ್) ಬಿಡುವ ವಾಲ್ವ್ ಮೇಲೆ. ನಾನೂ ಅದೇ ಜಾತಿ. ನಮ್ಮ ಇಂಜಿನ್ ನಿಧಾನಕ್ಕೆ ಓಡಿಸಿದರೆ ತಣ್ಣಗಿರುತ್ತಿತ್ತು, ವೇಗ ಏರಿಸಿದ ಹತ್ತು ನಿಮಿಷಕ್ಕೆ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೆ ಹತ್ತುತ್ತಿತ್ತು. ಹೊಸ ಥರ್ಮೋಸ್ಟಾಟ್ ಹಾಕಿದೆ. ಕೂಲಂಟ್ ಬದಲಿಸಿದೆ. ಏನೂ ಆಗಲಿಲ್ಲ. ಹಳೇ ಥರ್ಮೋಸ್ಟಾಟನ್ನು ಪಾತ್ರೆಯಲ್ಲಿ ನೀರು ಕಾಯಿಸಿ ಇಳಿಬಿಟ್ಟು ನೋಡಿದರೆ, ಸರಿಯಾದ ಬಿಸಿಗೆ ಚೆನ್ನಾಗಿ ಬಾಯಿ ತೆರೆಯಿತು. ಈ ಪರೀಕ್ಷೆ ಮೊದಲೇ ಮಾಡಿದ್ದರೆ ದುಡ್ಡು ಉಳಿಯುತ್ತಿತ್ತು ಅಲ್ವಾ?

ಇಂಥ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ ಎರಡು ನೀರು ಓಡಾಡುತ್ತವೆ. ಒಳಗಿನದು ಕೂಲಂಟ್. ಅದು ಇಂಜಿನ್ ಒಳಗೇ ಸುತ್ತುತ್ತದೆ, ಥರ್ಮೋಸ್ಟಾಟ್ ಇರುವುದೂ ಆ ದಾರಿಯಲ್ಲೇ. ಹೊರಗಿನದು ಬೋಟಿನ ತಳದ ವಾಲ್ವ್‌ನಿಂದ ಬಂದು, ಕಸ ತಡೆಯುವ ಜಾಲರಿ, ಪಂಪು, ಕೂಲಂಟಿನ ಬಿಸಿಯನ್ನು ಹೀರಿಕೊಳ್ಳುವ ಹೀಟ್ ಎಕ್ಸ್‌ಚೇಂಜರ್ ದಾಟಿ, ಕೊನೆಗೆ ಹೊಗೆಯ ಜೊತೆ ಬೆರೆತು ಹಿಂದೆ ಚೆಲ್ಲುತ್ತದೆ. ಹಾಗಾಗಿ ಹಿಂದೆ ಬಗ್ಗಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೀರು ಕಡಿಮೆ, ಬಿಳಿ ಹಬೆ ಜಾಸ್ತಿ ಅಂದರೆ ತೊಂದರೆ ಹೊರಗಿನ ನೀರಿನದು.

ನಾನೂ ನೋಡಿದ್ದೆ. ನೀರು ಬರ್ತಿತ್ತು. ‘ಬರ್ತಿದೆಯಲ್ಲ’ ಅಂತ ಸುಮ್ನೆ ಬಿಟ್ಟೆ. ಎಷ್ಟು ಬರ್ತಿದೆ ಅಂತ ಕೇಳಿಕೊಳ್ಳಲೇ ಇಲ್ಲ. ಇಂಜಿನ್ ಆರೋಗ್ಯವಾಗಿದ್ದಾಗಲೇ ಒಂದು ಬಕೆಟ್ ಹಿಡಿದು, ಇಷ್ಟು ವೇಗದಲ್ಲಿ ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಬರೆದಿಟ್ಟುಕೊಂಡಿರಬೇಕಿತ್ತು.

ಕೊನೆಗೆ ಹೀಟ್ ಎಕ್ಸ್‌ಚೇಂಜರ್‌ನ ತುದಿಯ ಮುಚ್ಚಳ ಬಿಚ್ಚಿದೆ. ಒಳಗೆ ಪೆನ್ಸಿಲ್ ದಪ್ಪದ ಕೊಳವೆಗಳ ಸಾಲು. ಅವುಗಳ ಬಾಯಿಗೆ ಅಡ್ಡಲಾಗಿ ಕಪ್ಪು ರಬ್ಬರಿನ ಮೂರು ಚೂರು ಅಂಟಿಕೊಂಡು ಕೂತಿದ್ದವು. ಒಂದನ್ನು ಇಕ್ಕಳದಲ್ಲಿ ಎಳೆದಾಗ ಹಿಂದೆಯೇ ಕೆಸರು ನೀರು ಬಳಬಳ ಸುರಿಯಿತು. ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಹಳೇ ಇಂಪೆಲ್ಲರ್‌ನ ರೆಕ್ಕೆಗಳು ಅವು! ಒಂದು ವರ್ಷದ ಹಿಂದೆ ಮೆಕ್ಯಾನಿಕ್ ಹೊಸ ಇಂಪೆಲ್ಲರ್ ಹಾಕಿ ಹೋಗಿದ್ದರು. ಮುರಿದ ರೆಕ್ಕೆ ಎಲ್ಲಿ ಹೋದವು ಅಂತ ಅವರೂ ಹುಡುಕಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಪ್ರಕಾರ ಇಂಪೆಲ್ಲರ್ ಬದಲಿಸುವುದು ಅರ್ಧ ಕೆಲಸ ಅಷ್ಟೇ. ಹಳೆಯದನ್ನು ಕೈಯಲ್ಲಿ ಹಿಡಿದು ರೆಕ್ಕೆ ಎಣಿಸಿ. ಎರಡು ಕಡಿಮೆ ಇದ್ದರೆ ಆ ಎರಡು ಸಿಗುವ ತನಕ ಪಂಪಿನಾಚೆಯ ಪೈಪು, ಮುಚ್ಚಳ ಎಲ್ಲ ಬಿಚ್ಚಿ ನೋಡಿ. ಬೇಸರದ ಕೆಲಸ, ಗೊತ್ತು. ಹೊಸದನ್ನು ಕೂರಿಸುವಾಗ ರಬ್ಬರಿಗೆ ಗ್ಲಿಸರಿನ್ ಸವರಿ. ತಳದ ವಾಲ್ವ್ ತೆರೆಯಲು ಮರೆತು ಇಂಜಿನ್ ಶುರು ಮಾಡಿದರೆ ಕೆಲವೇ ನಿಮಿಷದಲ್ಲಿ ಅದೂ ಸುಟ್ಟು ಹರಿಯುತ್ತದೆ.

ಜಾಲರಿ ಚೊಕ್ಕ ಇದ್ದರೂ ಅದರ ಮುಚ್ಚಳದ ರಬ್ಬರ್ ಉಂಗುರ ಸರಿ ಕೂತಿರದಿದ್ದರೆ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಹಿಂದೆ ನೀರು ಚೆನ್ನಾಗಿ ಚೆಲ್ಲುತ್ತಿದ್ದೂ ಬಿಸಿಯಾಗುತ್ತಿದ್ದರೆ ಆಗ ಒಳಗೆ ನೋಡಿ. ಕೂಲಂಟ್ ಎಷ್ಟಿದೆ, ಬೆಲ್ಟ್ ಜಾರುತ್ತಿದೆಯಾ, ಹೀಟ್ ಎಕ್ಸ್‌ಚೇಂಜರ್ ಕೊಳವೆಗಳಲ್ಲಿ ಉಪ್ಪು ಕಟ್ಟಿದೆಯಾ. ಬಿಸಿ ಇರುವಾಗ ಕೂಲಂಟ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮೀಟರನ್ನೂ ಪೂರ್ತಿ ನಂಬಬೇಡಿ. ಕೂಲಂಟ್ ತೀರಾ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತರೆ ಇಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ರಬ್ಬರ್ ಚೂರು ತೆಗೆದ ಮೇಲೂ ನಮ್ಮ ಇಂಜಿನ್ ಪೂರ್ತಿ ಸರಿಹೋಗಲಿಲ್ಲ. ಹೊಗೆ ಮತ್ತು ನೀರು ಸೇರುವ ಎಕ್ಸಾಸ್ಟ್ ಎಲ್ಬೋ ಬಿಚ್ಚಿದಾಗ, ಎರಡು ಬೆರಳು ಹೋಗಬೇಕಿದ್ದ ಜಾಗದಲ್ಲಿ ಕಿರುಬೆರಳೂ ಹೋಗುತ್ತಿರಲಿಲ್ಲ. ಮಸಿ ಮತ್ತು ಉಪ್ಪು ಸೇರಿ ಕಲ್ಲಾಗಿತ್ತು. ಸ್ಕ್ರೂಡ್ರೈವರ್ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಕೆರೆದೆ. ಸಂಜೆ ಬಕೆಟ್ ಹಿಡಿದಾಗ, ಕೆರೆಯುವ ಮೊದಲು ಹಿಡಿದಿದ್ದರ ಅರ್ಧ ಹೊತ್ತಿಗೇ ತುಂಬಿತು.