ಚಕ್ರದಿಂದ ಶುರುವಾಗಲಿ

ಹೋದ ಬೇಸಿಗೆ ದಾವಣಗೆರೆಗೆ ಬಂದಾಗ ಗೆಳೆಯನೊಬ್ಬ ಬೆಣ್ಣೆದೋಸೆಯ ತಟ್ಟೆ ಸರಿಸಿ ನಾಲ್ಕು ಹಾಳೆ ಮುಂದಿಟ್ಟ. ಅವನ ಎಂಜಿನಿಯರಿಂಗ್ ಕಾಲೇಜಿನ ಹೊಸ ರೊಬೊಟಿಕ್ಸ್ ಪಠ್ಯಕ್ರಮ. ‘ಬಾಸ್ಟನ್ನಿನಲ್ಲಿ ನಿನ್ನದೂ ಇದೇ ಕಸುಬಲ್ಲವೇ, ನೋಡಿ ಹೇಳು’ ಎಂದ. ಮೊದಲ ಆರು ವಾರ ಬರೀ ಮ್ಯಾಟ್ರಿಕ್ಸ್, ಡೆನಾವಿಟ್ ಮತ್ತು ಹಾರ್ಟೆನ್‌ಬರ್ಗ್ 1955ರಲ್ಲಿ ಕೊಟ್ಟ, ಯಂತ್ರದ ಕೀಲುಗಳು ಒಂದಕ್ಕೊಂದು ಎಲ್ಲಿವೆ ಎಂದು ಬರೆದಿಡುವ ಕೋಷ್ಟಕ. ಕೊನೆಗೆ, ಹೊತ್ತು ಉಳಿದರೆ, ಗೆರೆ ಹಿಡಿದು ಓಡುವ ಗಾಡಿ.

ನಾನಾಗಿದ್ದರೆ ಇದನ್ನು ತಲೆಕೆಳಗು ಮಾಡುತ್ತಿದ್ದೆ. ಮೊದಲ ದಿನವೇ ಎರಡು ಚಕ್ರದ ಗಾಡಿಯನ್ನು ನೆಲಕ್ಕೆ ಬಿಟ್ಟು, ಎರಡು ಮೀಟರ್ ನೇರ ಹೋಗು ಎನ್ನಬೇಕು. ಅದು ಹೋಗುವುದಿಲ್ಲ. ಒಂದು ಚಕ್ರದ ವ್ಯಾಸ 65 ಮಿಲಿಮೀಟರ್, ಇನ್ನೊಂದರದು 64 ಇದ್ದರೆ ಸಾಕು. ಚಕ್ರಗಳ ನಡುವೆ 15 ಸೆಂಟಿಮೀಟರ್ ಅಂತರವಿದ್ದಾಗ ಎರಡು ಮೀಟರಿನ ಕೊನೆಗೆ ಗಾಡಿ ಸುಮಾರು 12 ಡಿಗ್ರಿ ತಿರುಗಿ, ಒಂದು ಗೇಣು ಪಕ್ಕಕ್ಕೆ ಸರಿದಿರುತ್ತದೆ. ಯಾಕೆ ಎಂದು ಹುಡುಗರೇ ಲೆಕ್ಕ ಹಾಕಲಿ. ಆಮೇಲೆ ಮ್ಯಾಟ್ರಿಕ್ಸ್ ಕೇಳಿಕೊಂಡು ಅವರೇ ಬರುತ್ತಾರೆ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವುಡಿ ಫ್ಲವರ್ಸ್ 1970ರ ದಶಕದಲ್ಲಿ ಎಲ್ಲರಿಗೂ ಒಂದೇ ಬಗೆಯ ಸಾಮಾನು ಕೊಟ್ಟು, ಯಂತ್ರ ಕಟ್ಟಿ ಪೈಪೋಟಿಗಿಳಿಯಿರಿ ಎಂದು ಕಲಿಸುತ್ತಿದ್ದರು. ಆ ಪದ್ಧತಿ ನನಗೆ ಇಷ್ಟ. ಹಾಗೆಂದು ಅಮೆರಿಕದ್ದೆಲ್ಲ ಚೆನ್ನ ಎನ್ನುವವನು ನಾನಲ್ಲ. ನಾನು ಕಂಡ ಪ್ರಯೋಗಾಲಯದಲ್ಲಿ ಮೋಟಾರ್ ಸುಟ್ಟರೆ ಕಪಾಟಿನಿಂದ ಇನ್ನೊಂದು ತೆಗೆಯುತ್ತಾರೆ, ಅದು ಯಾಕೆ ಸುಟ್ಟಿತೆಂದು ಯಾರೂ ಬಿಚ್ಚಿ ನೋಡುವುದಿಲ್ಲ. ನಮ್ಮೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವವರ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತರೆ ಅರ್ಧ ಅಧ್ಯಾಯ ಮುಗಿಯುತ್ತದೆ.

ಇನ್ನು ಫೀಡ್‌ಬ್ಯಾಕ್ (ಫಲ ನೋಡಿಕೊಂಡು ಮುಂದಿನದನ್ನು ತಿದ್ದುವುದನ್ನು) ಕಲಿಸಲು ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಬಿಸಿ ಮರಳಿಗೆ ಅಕ್ಕಿ ಬಿದ್ದೊಡನೆ ಕಾವು ಇಳಿಯುತ್ತದೆ, ಉರಿ ಏರಿಸಬೇಕು. ಆದರೆ ಉರಿ ಏರಿಸಿದರೂ ಮರಳು ಕಾಯಲು ಹೊತ್ತು ಹಿಡಿಯುತ್ತದೆ. ಅವಸರಪಟ್ಟು ಇನ್ನಷ್ಟು ಉರಿ ಹಾಕಿದರೆ ಮುಂದಿನ ಒಬ್ಬೆ ಸೀದುಹೋಗುತ್ತದೆ. ಭಟ್ಟಿಯವರು ಇದನ್ನು ಕಣ್ಣಂದಾಜಿನಲ್ಲಿ ಸಂಭಾಳಿಸುತ್ತಾರೆ. ಯಂತ್ರಗಳಲ್ಲಿ ಬಳಸುವ ಪಿಐಡಿ ನಿಯಂತ್ರಕ ಅದನ್ನೇ, ಈಗಿನ ತಪ್ಪು, ಈವರೆಗೆ ಕೂಡಿದ ತಪ್ಪು, ತಪ್ಪು ಬದಲಾಗುವ ವೇಗ ಇವಕ್ಕೆ ಒಂದೊಂದರಂತೆ, ಮೂರು ಗುಣಾಂಕಗಳಲ್ಲಿ ಮಾಡಲು ಹೆಣಗುತ್ತದೆ.

ಗೆಳೆಯ ಎಲ್ಲ ಕೇಳಿಸಿಕೊಂಡು, ‘ಇದಕ್ಕೆ ಅಂಕ ಹೇಗೆ ಕೊಡುವುದು?’ ಎಂದ. ಗಾಡಿ ನೇರ ಹೋದರೆ ಅರ್ಧ, ಹೋಗದ್ದಕ್ಕೆ ಕಾರಣ ಸರಿಯಾಗಿ ಬರೆದರೆ ಪೂರ್ತಿ ಎಂದೆ. ನಕ್ಕ; ಆದರೂ ಬೆಣ್ಣೆ ಹತ್ತಿದ ಹಾಳೆಯ ಅಂಚಿನಲ್ಲಿ ಅದನ್ನು ಗುರುತು ಹಾಕಿಕೊಂಡ.