ನಾಲ್ಕು ತಂತಿ, ನಲವತ್ತು ಗುರುಗಳು

ಮಂದ್ರಸ್ವರ ನುಡಿಸುವ ಬೇಸ್ ಗಿಟಾರಿಗಿರುವುದು ನಾಲ್ಕೇ ತಂತಿ. ಅದನ್ನು ಕಲಿಸಿಯೇ ತೀರುತ್ತೇವೆಂದು ಪಣತೊಟ್ಟ ಪುಸ್ತಕಗಳಿಗೂ ವಿಡಿಯೊಗಳಿಗೂ ಲೆಕ್ಕವೇ ಇಲ್ಲ. ಡೊಂಬಿವಲಿಯ ನಮ್ಮ ಮನೆಯ ಕಪಾಟಿನ ಮೇಲೆ ಹಳೆಯ ಪಂಚೆ ಹೊದ್ದು ಎಂಟು ತಿಂಗಳಿಂದ ಮಲಗಿರುವ ವಾದ್ಯವನ್ನು ನಾನು ಇದುವರೆಗೆ ನುಡಿಸಿಲ್ಲವಾದರೂ, ಅದನ್ನು ಯಾವ ಪುಸ್ತಕದಿಂದ, ಯಾವ ವಿಡಿಯೊದಿಂದ, ಯಾವ ಕ್ರಮದಲ್ಲಿ ಕಲಿಯತಕ್ಕದ್ದು ಎಂಬ ವಿಷಯದಲ್ಲಿ ಮುಂಬಯಿಯ ಸಿಎಸ್‌ಎಂಟಿಯವರೆಗೆ ಲೋಕಲ್ ಟ್ರೇನಿನ ಬಾಗಿಲಲ್ಲಿ ಜೋತಾಡಿಕೊಂಡೇ ಉಪನ್ಯಾಸ ಕೊಡಬಲ್ಲೆ. ನನ್ನಂಥ ವಿದ್ವಾಂಸರು ಈ ಮಹಾನಗರದಲ್ಲಿ ಒಬ್ಬಿಬ್ಬರಲ್ಲ.

ಹಿಂದಿನವರು ಈ ಶಾಸ್ತ್ರದಲ್ಲಿ ತೀರ ಹಿಂದುಳಿದಿದ್ದರು. ಮಾಟುಂಗಕ್ಕೆ ಸಂಗೀತಪಾಠಕ್ಕೆ ಹೋಗುತ್ತಿದ್ದ ನನ್ನ ಅಕ್ಕ, ಪುರಂದರದಾಸರು ಹಾಕಿಕೊಟ್ಟದ್ದೆಂದು ಹೇಳುವ ಸರಳೆ ವರಸೆಯನ್ನು ಮೊದಲ ದಿನವೇ ಮಾಯಾಮಾಳವಗೌಳದಲ್ಲಿ ಹಾಡತೊಡಗಿದಳು. ಸರಳೆ ಮೇಲೋ ಜಂಟಿ ಮೇಲೋ ಎಂಬ ವಿಮರ್ಶೆಯನ್ನು ಅವಳು ಓದಿರಲಿಲ್ಲ. ಎಷ್ಟು ಮಂದಿ ಎಷ್ಟು ನಕ್ಷತ್ರ ಕೊಟ್ಟಿದ್ದಾರೆಂದು ವಿಚಾರಿಸಿರಲಿಲ್ಲ. 30 ದಿನಗಳಲ್ಲಿ ಕಛೇರಿಗೆ ಕೂರಿಸುವುದಾಗಿ ಟೀಚರಿಂದ ಮಾತು ತೆಗೆದುಕೊಂಡಿರಲಿಲ್ಲ. ಇಷ್ಟೊಂದು ಅವೈಜ್ಞಾನಿಕವಾಗಿ ಶುರುಮಾಡಿದ್ದರಿಂದಲೋ ಏನೋ, ಅವಳಿಗೆ ಹಾಡಲು ಬಂದುಬಿಟ್ಟಿತು.

ನಾನು ಲೆಕ್ಕಪತ್ರ ವಿಭಾಗದವನಾದ್ದರಿಂದ ಪದ್ಧತಿ ಪ್ರಕಾರವೇ ಹೋದೆ. ಎಕ್ಸೆಲ್‌ನಲ್ಲಿ ಹಾಳೆಯೊಂದನ್ನು ತೆರೆದು, ಪುಟಗಳೆಷ್ಟು, ಬೆಲೆಯೆಷ್ಟು, ಸಿಡಿ ಉಂಟೋ ಇಲ್ಲವೋ, ಗುರುವಿನ ಗಡ್ಡ ಎಷ್ಟುದ್ದ ಎಂದು ಕಾಲಂ ಹಾಕಿದೆ. ಬಳಿಕ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಹಳೆ ಪುಸ್ತಕದಂಗಡಿಯಿಂದ ಮೂರು ಪುಸ್ತಕ ತಂದೆ. ಒಂದರ ಬೆನ್ನುರಟ್ಟಿನ ಪ್ಲಾಸ್ಟಿಕ್ ಜೇಬಿನಲ್ಲಿ ಸಿಡಿಯ ಬದಲು ಯಾರದೋ ಲಾಂಡ್ರಿ ಚೀಟಿ ಇತ್ತು: ಪ್ಯಾಂಟು 2, ಶರಟು 4. ಇನ್ನೊಂದರಲ್ಲಿ ಆನ್‌ಲೈನ್ ಧ್ವನಿಪಾಠದ ಗುಪ್ತಸಂಖ್ಯೆಯನ್ನು ಹಿಂದಿನ ಒಡೆಯ ಉಗುರಿನಿಂದ ಕೆರೆದು ಬಳಸಿಕೊಂಡಾಗಿತ್ತು. ಮೂರರಲ್ಲೂ ಸ್ವರಗಳ ಮೇಲೆ ಪೆನ್ಸಿಲಿನಲ್ಲಿ ಬೆರಳ ಸಂಖ್ಯೆ ಗುರುತು ಹಾಕಿದ್ದರು. ಒಬ್ಬಾತ 11ನೆಯ ಪುಟದವರೆಗೆ, ಮತ್ತೊಬ್ಬಾತ 9ರವರೆಗೆ, ಸಾಹಸಿಯಾದ ಮೂರನೆಯವನು 14ರವರೆಗೆ. ಅಲ್ಲಿಂದಾಚೆಯ ಹಾಳೆಗಳು ಬ್ಯಾಂಕಿನಿಂದ ಈಗಷ್ಟೇ ತಂದ ನೋಟಿನಂತೆ ಗರಿಗರಿಯಾಗಿದ್ದವು. ಇದನ್ನೆಲ್ಲ ಸೂಕ್ಷ್ಮವಾಗಿ ಪರಿಶೀಲಿಸಿ, ದೋಷ ಪುಸ್ತಕಗಳಲ್ಲಿಯೇ ಇದೆಯೆಂಬ ತೀರ್ಮಾನಕ್ಕೆ ಬಂದು, ನಾಲ್ಕನೆಯದನ್ನು ಕೊಂಡೆ.

1951ರಲ್ಲಿ ಗಿಟಾರ್ ತಯಾರಕ ಲಿಯೊ ಫೆಂಡರ್ ಈ ವಾದ್ಯವನ್ನು ಪೇಟೆಗೆ ತಂದಾಗ ಅದಕ್ಕೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿ ‘ಪ್ರಿಸಿಷನ್’ ಎಂದು ಹೆಸರಿಟ್ಟದ್ದೇ, ನುಡಿಸುವವನು ಸ್ವರಕ್ಕಾಗಿ ತಡಕಾಡದೆ ಬೆರಳಿಟ್ಟಲ್ಲಿ ಅದು ಖಚಿತವಾಗಿ ಸಿಗಲಿ ಎಂಬ ಸದುದ್ದೇಶದಿಂದ. ಪಾಪ, ಬೆರಳಿಡುವುದು ಹೇಗೆಂಬುದರ ಮೇಲೆ ಇಷ್ಟು ಮತಗಳು ಹುಟ್ಟಿಯಾವೆಂದು ಆತನಿಗೇನು ಗೊತ್ತು? ಒಂದು ಪುಸ್ತಕ ಎಡಗೈಯ ನಾಲ್ಕು ಬೆರಳನ್ನು ನಾಲ್ಕು ಫ್ರೆಟ್ಟಿಗೆ ಒಂದೊಂದರಂತೆ ಇಡು ಎನ್ನುತ್ತದೆ. 34 ಅಂಗುಲ ಅಳತೆಯ ತಂತಿಯ ಮೇಲೆ ಮೊದಲ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ 5 ಅಂಗುಲ ದೂರವಾದ್ದರಿಂದ, ಅಂಥ ಅಂಗೈಯನ್ನು ದೇವರು ಎಲ್ಲರಿಗೂ ಕೊಟ್ಟಿಲ್ಲ. ಇನ್ನೊಂದು ಪುಸ್ತಕ, ನೆಟ್ಟಗೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ಡಬಲ್ ಬೇಸಿನವರ ಹಳೆಯ ಸಂಪ್ರದಾಯ ಹಿಡಿದು, ಕೆಳಗಿನ ಫ್ರೆಟ್‌ಗಳಲ್ಲಿ ಉಂಗುರಬೆರಳಿಗೆ ರಜೆ ಕೊಡು ಎನ್ನುತ್ತದೆ. ಬಲಗೈಗೆ ತೋರುಬೆರಳು, ನಡುಬೆರಳು ಎರಡನ್ನೂ ಸರದಿಯಂತೆ ಬಳಸದವನು ಉದ್ಧಾರವಾಗಲಾರ ಎಂಬಲ್ಲಿ ಎಲ್ಲ ಗುರುಗಳೂ ಒಂದಾಗುತ್ತಾರೆ. ಅದೇ ಉಸಿರಿನಲ್ಲಿ, ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೊದಲ್ಲಿ ಒಂದೇ ತೋರುಬೆರಳಿನಿಂದ ಮೀಟಿ ಹೆಸರಾದ ಜೇಮ್ಸ್ ಜಾಮರ್ಸನ್ನನಿಗೆ ಕೈಮುಗಿಯುತ್ತಾರೆ. ಇನ್ನು ತಂತಿಗೊಂದು ಗೆರೆ ಎಳೆದು ಫ್ರೆಟ್ ಸಂಖ್ಯೆ ಬರೆಯುವ ಟ್ಯಾಬ್ ಮೇಲೋ, ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಮೇಲೋ ಎಂಬ ದ್ವೈತಾದ್ವೈತದ ಗೊಡವೆಗೆ ಇಲ್ಲಿ ಹೋಗುವುದಿಲ್ಲ. ಟ್ಯಾಬು ಎಲ್ಲಿ ಒತ್ತಬೇಕೆಂದು ಹೇಳುತ್ತದೆ, ಎಷ್ಟು ಹೊತ್ತು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ನೊಟೇಶನ್ ಯಾವ ಸ್ವರ, ಎಷ್ಟು ಹೊತ್ತು ಎಂಬೆರಡನ್ನೂ ಹೇಳುತ್ತದೆ, ಆದರೆ ಕೇಳಿಸುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆದು ಹೇಳುತ್ತದೆ.

ಕೆಳಗಿನ ಮನೆಯವರು ಉಡುಪಿಯ ಕಡೆಯವರು, ಹೋಟೆಲ್ ಕೆಲಸದಿಂದ ನಿವೃತ್ತರು, ಯಕ್ಷಗಾನದ ಹುಚ್ಚಿನವರು. ನನ್ನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ಅಲ್ಲ ಮಾರಾಯ್ರೆ, ಪುಸ್ತಕ ಆರಿಸಿ ಆರಿಸಿ ಚೆಂಡೆ ಕಲಿತವರನ್ನು ಎಲ್ಲಿಯಾದರೂ ಕಂಡಿದ್ದೀರಾ? ತಾಳ ತಪ್ಪದ ಹಾಗೆ ನಿಲ್ಲಿಸುವ ಪುಸ್ತಕ ಯಾವುದಾದರೂ ಸಾಕಲ್ಲವಾ?” ಎಂದರು. ತಾಳಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲವಾದ್ದರಿಂದ ಈ ಸಲಹೆಯನ್ನು ಪರಿಗಣಿಸಲಾಗಲಿಲ್ಲ.

ವಿಡಿಯೊಗಳ ಲೋಕ ಇದಕ್ಕಿಂತ ದೊಡ್ಡದು. ಅಲ್ಲಿ ಕಲಿಸುವವರಿಗಿಂತ, ಯಾರಿಂದ ಕಲಿಯಬೇಕೆಂದು ಕಲಿಸುವವರು ಹೆಚ್ಚು. ಹೊಸಬರು ಮಾಡುವ ಐದು ತಪ್ಪುಗಳನ್ನು ತೋರಿಸುವ ವಿಡಿಯೊಗಳನ್ನು ಒಂದೂ ಬಿಡದೆ ನೋಡಿರುವ ನಾನು, ವಾದ್ಯವನ್ನೇ ಮುಟ್ಟದಿರುವುದರಿಂದ, ಆ ತಪ್ಪುಗಳಲ್ಲಿ ಒಂದನ್ನೂ ಇನ್ನೂ ಮಾಡಿಲ್ಲವೆಂದು ಎದೆತಟ್ಟಿ ಹೇಳಬಲ್ಲೆ. ಇವೆಲ್ಲವನ್ನೂ ನೋಡುವುದು ಟ್ರೇನಿನಲ್ಲಿ, ಫೋನಿನಲ್ಲಿ. ಬೇಸಿನ ಅತಿ ದಪ್ಪ ತಂತಿಯನ್ನು ಎಲ್ಲಿಯೂ ಒತ್ತದೆ ಮೀಟಿದಾಗ ಹೊಮ್ಮುವುದು ಸುಮಾರು 41 ಹರ್ಟ್ಸ್ ಕಂಪನ. ಗಾಳಿಯಲ್ಲಿ ಅದರ ಒಂದೊಂದು ಅಲೆಯೂ 8 ಮೀಟರಿಗಿಂತ ಉದ್ದ, ಅಂದರೆ ನಮ್ಮ ಮನೆಯ ನಡುಕೋಣೆಗಿಂತ ಉದ್ದ. ಉಗುರಗಲದ ಫೋನ್ ಸ್ಪೀಕರಿನಿಂದ ಅದು ಬರುವುದು, ಸೂಜಿಯ ಕಣ್ಣಿನಿಂದ ಆನೆ ಬಂದಂತೆ. ಹಾಗಾಗಿ ಗುರುವಿನ ಸ್ವಾಗತ, ಚಾನೆಲಿಗೆ ಚಂದಾದಾರರಾಗಿರೆಂಬ ವಿನಂತಿ, ಗಂಟೆಯ ಗುರುತನ್ನು ಒತ್ತಿರೆಂಬ ಆಜ್ಞೆ ಇವೆಲ್ಲ ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳುತ್ತವೆ. ಪಾಠ ಶುರುವಾದೊಡನೆ ತಂತಿಯ ಟಕಟಕ ಸದ್ದೊಂದನ್ನುಳಿದು ಗುರು ಮೂಕನಾಗುತ್ತಾನೆ. ನಾನಾದರೋ ತಲೆದೂಗುತ್ತೇನೆ. ಪಕ್ಕದಲ್ಲಿ ನಿಂತವರೂ ತಮ್ಮ ತಮ್ಮ ಫೋನು ನೋಡಿ ತಲೆದೂಗುತ್ತಿರುತ್ತಾರೆ.

ಅನಂತ ಚತುರ್ದಶಿಯ ರಾತ್ರಿ ಹಾಳೆಗೆ ಐದನೆಯ ಪುಸ್ತಕದ ವಿವರ ತುಂಬುತ್ತ ಕುಳಿತಿದ್ದೆ. ಎರಡು ಗಲ್ಲಿಯಾಚೆ ಗಣಪತಿಯ ಲಾರಿಗಳು ಸಾಗಿದ್ದವು. ಕಿರುಸ್ವರಗಳನ್ನೆಲ್ಲ ನಡುವಿನ ಕಟ್ಟಡಗಳು ತಡೆದುಕೊಂಡು, ಗೋಡೆ ಬಳಸಿ ಬರಬಲ್ಲ ಮಂದ್ರ ಮಾತ್ರ ನಮ್ಮವರೆಗೆ ತಲುಪಿ, ಕಿಟಕಿಯ ಗಾಜೂ ಅಡುಗೆಮನೆಯ ಸ್ಟೀಲ್ ಡಬ್ಬಿಗಳೂ ಗುಂಯ್‌ಗುಟ್ಟುತ್ತಿದ್ದವು. ಬೆಲ್ ಆಯಿತು. ಕೆಳಗಿನ ಮನೆಯವರು ನಿಂತಿದ್ದರು.

“ಒಳ್ಳೆ ಕೈ ಕುದುರಿದೆ ಮಾರಾಯ್ರೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ಗಂಟೆಯಾಯಿತು, ಮನೆಯಲ್ಲಿ ಇವಳಿಗೆ ತಲೆನೋವು. ಸ್ವಲ್ಪ ಸಣ್ಣ ಮಾಡಬಹುದಾ?”

ಕ್ಷಮೆ ಕೇಳಿ, ಖಂಡಿತ ಸಣ್ಣ ಮಾಡುತ್ತೇನೆಂದು ಮಾತು ಕೊಟ್ಟು ಬಾಗಿಲು ಹಾಕಿಕೊಂಡೆ. ಲಾರಿಗಳು ಮುಂದೆ ಹೋಗಿ ಸದ್ದಡಗುವವರೆಗೆ ದೀಪವನ್ನೂ ಆರಿಸಿ ಕುಳಿತಿದ್ದೆ.