ಸತ್ಯಾಂಶ: ಮಿನಿಯಾಪೊಲಿಸ್ ಪೊಲೀಸ್ ಇಲಾಖೆ ಮುಚ್ಚಿಲ್ಲ

‘ಜಾರ್ಜ್ ಫ್ಲಾಯ್ಡ್ ಸಾವಿನ ಬಳಿಕ ಜನರ ಸಿಟ್ಟಿಗೆ ಹೆದರಿ ಮಿನಿಯಾಪೊಲಿಸ್ ನಗರ ಪೊಲೀಸ್ ಇಲಾಖೆಯನ್ನೇ ಮುಚ್ಚಿಬಿಟ್ಟಿತು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಫ್ಲಾಯ್ಡ್ 2020ರ ಮೇ ತಿಂಗಳಲ್ಲಿ ಅಮೆರಿಕದ ಈ ನಗರದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವರ್ಣೀಯ. ಆದರೆ ಈ ಸಂದೇಶ ಸುಳ್ಳು. ಆ ಇಲಾಖೆ ಒಂದು ದಿನವೂ ಬಾಗಿಲು ಹಾಕಿಲ್ಲ.

ಗೊಂದಲದ ಮೂಲ 2020ರ ಜೂನ್ 7ರ ಸಭೆ. ಅಂದು 13 ಸದಸ್ಯರ ನಗರಸಭೆಯ 9 ಮಂದಿ, ಪೌಡರ್‌ಹಾರ್ನ್ ಪಾರ್ಕ್‌ನ ವೇದಿಕೆಯಲ್ಲಿ ಇಲಾಖೆಯನ್ನು ವಿಸರ್ಜಿಸುವ ಮಾತು ಕೊಟ್ಟರು. ಮಾತು ಕೊಟ್ಟದ್ದು ನಿಜ, ಆದರೆ ಅಧಿಕಾರ ಅವರ ಕೈಯಲ್ಲಿರಲಿಲ್ಲ. ನಗರದ ಚಾರ್ಟರ್, ಅಂದರೆ ಆಡಳಿತದ ಮೂಲ ಕಾನೂನು, ಪ್ರತಿ ನಿವಾಸಿಗೆ 0.0017ರಂತೆ ಪೊಲೀಸ್ ಸಿಬ್ಬಂದಿಗೆ ಹಣ ಒದಗಿಸಲೇಬೇಕು ಎನ್ನುತ್ತಿತ್ತು. 2020ರ ಜನಗಣತಿಯ 4,29,954 ಜನಸಂಖ್ಯೆಗೆ ಇದನ್ನು ಗುಣಿಸಿ ನೋಡಿ: ಸುಮಾರು 731 ಸಿಬ್ಬಂದಿ ಎಂದು ಬರುತ್ತದೆ. ಈ ನಿಯಮ ತೆಗೆಯಲು ಚಾರ್ಟರ್ ತಿದ್ದುಪಡಿಯೇ ಆಗಬೇಕಿತ್ತು. ಆ ವರ್ಷ ಚಾರ್ಟರ್ ಆಯೋಗ ಪ್ರಸ್ತಾವವನ್ನು ಮುಂದಕ್ಕೆ ಹಾಕಿದ್ದರಿಂದ ಅದು ನವೆಂಬರ್ ಮತಪತ್ರಕ್ಕೆ ಬರಲೇ ಇಲ್ಲ.

2020ರ ಡಿಸೆಂಬರ್‌ನಲ್ಲಿ ಆದದ್ದು ಇಷ್ಟೆ: ಪೊಲೀಸ್ ಬಜೆಟ್‌ನಿಂದ ಸುಮಾರು 80 ಲಕ್ಷ ಡಾಲರ್ ಹಿಂಸೆ ತಡೆ, ಮಾನಸಿಕ ಆರೋಗ್ಯ ತಂಡಗಳಂಥ ಕೆಲಸಗಳಿಗೆ ಹೋಯಿತು. ಒಟ್ಟು ಬಜೆಟ್ಟಿನ ಮುಂದೆ ಇದು ಸಣ್ಣ ಮೊತ್ತ.

ಕೊನೆಗೆ 2021ರ ನವೆಂಬರ್ 2ರಂದು ಜನರನ್ನೇ ಕೇಳಲಾಯಿತು. ಇಲಾಖೆಯ ಬದಲು ಸಾರ್ವಜನಿಕ ಸುರಕ್ಷತಾ ವಿಭಾಗ ಬೇಕೇ? ಸುಮಾರು ಶೇ 56 ಮಂದಿ ಬೇಡವೆಂದರು. ಫಾರ್ವರ್ಡ್ ಮಾಡುವವರು ಇದನ್ನು ಹೇಳುವುದೇ ಇಲ್ಲ.

ಆ ಅವಧಿಯಲ್ಲಿ ಸಿಬ್ಬಂದಿ ಕಡಿಮೆಯಾದದ್ದು ಹೌದು. ನೂರಾರು ಅಧಿಕಾರಿಗಳು ರಾಜೀನಾಮೆ, ನಿವೃತ್ತಿ, ದೀರ್ಘ ರಜೆಯಿಂದ ಹೊರನಡೆದರು. ಅದು ಇಲಾಖೆ ಮುಚ್ಚಿದ್ದಲ್ಲ.